ಕಾಮಾಲೆಗೆ ಬೆಳಕಿನ ಚಿಕಿತ್ಸೆಯಲ್ಲಿರುವ ಮಗುವನ್ನು ಎದೆಗೆ ಅಪ್ಪಿಕೊಳ್ಳಬಹುದೇ?

ಖಂಡಿತ. ಬಿಲಿರುಬಿನ್ (ಮೈ ಹಳದಿಯಾಗಿಸುವ, ರಕ್ತದಲ್ಲಿನ ವಸ್ತು) ರಕ್ತ ಬದಲಿಸಬೇಕಾದ ಮಟ್ಟದ ಹತ್ತಿರವಿದ್ದು, ಹಲವು ದೀಪಗಳ ತೀವ್ರ ಚಿಕಿತ್ಸೆ ನಡೆದಿದ್ದರೆ ಮಾತ್ರ ಕಾಯಬೇಕು. ಇಲ್ಲವಾದರೆ ನರ್ಸ್‌ಗೆ ಹೇಳಿ, ಹಾಲೂಡಿಸುವ ಹೊತ್ತಿಗೆ 30 ನಿಮಿಷದವರೆಗೆ ಎತ್ತಿಕೊಳ್ಳಿ. ಕಣ್ಣಿನ ಪಟ್ಟಿ ತೆಗೆಯಿರಿ, ಡೈಪರ್ ಸಾಕು. ಬರಿ ಎದೆಗೆ ನೆಟ್ಟಗೆ ಒರಗಿಸಿ, ಮುಖ ಪಕ್ಕಕ್ಕೆ, ಗದ್ದ ತುಸು ಮೇಲಕ್ಕೆ. ಕತ್ತು ಮುಂದಕ್ಕೆ ಬಾಗಿದರೆ ಉಸಿರು ಕಟ್ಟುತ್ತದೆ. ಬೆನ್ನಿಗೆ ಬಟ್ಟೆ ಹೊದಿಸಿ.

ಹಾಲಿನ ವಿಷಯದಲ್ಲಿ ಮಾತ್ರ ಸಡಿಲ ಬೇಡ. ಬಿಲಿರುಬಿನ್ ಹೆಚ್ಚಾಗಿ ಮಲದಲ್ಲೇ ಹೊರಹೋಗುವುದು. ಹಾಲು ಕಡಿಮೆಯಾದರೆ ಅದು ಕರುಳಿನಿಂದ ಮತ್ತೆ ರಕ್ತಕ್ಕೆ ಸೇರುತ್ತದೆ. ದಿನಕ್ಕೆ 8–12 ಸಲ, ಮಂಪರಿನಲ್ಲಿದ್ದರೆ ಎಬ್ಬಿಸಿಯಾದರೂ ಕುಡಿಸಿ. ಎಬ್ಬಿಸಿದರೂ ಏಳದಿದ್ದರೆ, ಕೀರಲು ದನಿಯಲ್ಲಿ ಅತ್ತರೆ, ಮೈ ಹಿಂದಕ್ಕೆ ಸೆಟೆದರೆ ತಕ್ಷಣ ಡಾಕ್ಟರನ್ನು ಕರೆಯಿರಿ.

ಚಿಕಿತ್ಸೆಯ ಬೆಳಕನ್ನು ತಾನೇ ಸೂಸುವ ಫೈಬರ್ ಆಪ್ಟಿಕ್ ಹಾಸು ಸಿಕ್ಕರೆ ಇನ್ನೂ ಒಳ್ಳೆಯದು: ಅದನ್ನು ಬೆನ್ನಿಗೆ ಸುತ್ತಿದರೆ ಮಗು ನಿಮ್ಮ ಎದೆಯ ಮೇಲಿರುವಾಗಲೂ ಚಿಕಿತ್ಸೆ ನಿಲ್ಲುವುದಿಲ್ಲ.