ಓದುಗರ ಪ್ರಶ್ನೆ: ಮಳೆಗಾಲದಲ್ಲಿ ಶ್ರುತಿ ತಪ್ಪುವ ಥೆರಮಿನ್

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಪಿಯುಸಿ ಓದುವ ಮಗಳೊಂದಿಗೆ ಸೇರಿ, ಮುಟ್ಟದೆ ಆಂಟೆನಾದ ಬಳಿ ಕೈಯಾಡಿಸಿ ನುಡಿಸುವ ವಿದ್ಯುನ್ಮಾನ ವಾದ್ಯವಾದ ಥೆರಮಿನ್‌ನ ಕಿಟ್ ಒಂದನ್ನು ಜೋಡಿಸಿ, ಹಲಸಿನ ಹಲಗೆಯ ಪೆಟ್ಟಿಗೆ ಮಾಡಿಸಿ ಅದರಲ್ಲಿ ಕೂರಿಸಿದೆ. ಮೇ ತಿಂಗಳಲ್ಲಿ ಚೆನ್ನಾಗಿ ನುಡಿಯುತ್ತಿತ್ತು. ಮಳೆ ಹಿಡಿದ ಮೇಲೆ ಯಾರೂ ಹತ್ತಿರವಿಲ್ಲದಾಗಲೂ ಒಂದು ಸ್ವರ ಕೇಳತೊಡಗಿತು. ಅದನ್ನು ನಿಲ್ಲಿಸಲು ಸಣ್ಣ ಸ್ಕ್ರೂಡ್ರೈವರಿನಿಂದ ಕಾಯಿಲ್ ತಿರುಗಿಸಿದೆ. ಈಗ ಕೈಯನ್ನು ಆಂಟೆನಾದ ಬಳಿಗೆ ತಂದರೆ ಸ್ವರ ಮೊದಲು ಇಳಿದು, ಸದ್ದಡಗಿ, ಬಳಿಕ ಏರುತ್ತದೆ. ಮಂದ್ರದ ಸ್ವರಗಳಂತೂ ಥಟ್ಟನೆ ಕಡಿದುಹೋಗುತ್ತವೆ. ಕಿಟ್ ಕೆಟ್ಟಿದೆಯೇ?
— ಓದುಗರೊಬ್ಬರು, ಕಾಪು

ಉತ್ತರ: ಕಿಟ್ ಕೆಟ್ಟಿರುವಂತೆ ಕಾಣುವುದಿಲ್ಲ. ನೀವು ತಿಳಿಸಿದ ಲಕ್ಷಣಗಳನ್ನು ಅವು ಬಂದ ಕ್ರಮದಲ್ಲೇ ನೋಡಿದರೆ ಕಾರಣ ತಿಳಿಯುತ್ತದೆ.

ಥೆರಮಿನ್‌ನಲ್ಲಿ ನಮ್ಮ ಕಿವಿಗೆ ನಿಲುಕದ ಆವರ್ತನದಲ್ಲಿ ಕಂಪಿಸುವ ಎರಡು ಆಸಿಲೇಟರುಗಳಿವೆ. ಒಂದರ ಆವರ್ತನ ಸ್ಥಿರ. ಇನ್ನೊಂದು ನೆಟ್ಟಗೆ ನಿಂತ ಆಂಟೆನಾಕ್ಕೆ ಸೇರಿರುವುದರಿಂದ, ಕೈ ಹತ್ತಿರ ಬಂದಂತೆ ಅದರ ಕೆಪಾಸಿಟನ್ಸ್ (ವಿದ್ಯುದಂಶವನ್ನು ಹಿಡಿದಿಡುವ ಸಾಮರ್ಥ್ಯ) ಒಂದಿಷ್ಟು ಹೆಚ್ಚಿ ಆವರ್ತನ ಇಳಿಯುತ್ತದೆ. ಈ ಎರಡರ ನಡುವಿನ ವ್ಯತ್ಯಾಸವೇ ಸ್ಪೀಕರಿನಿಂದ ಹೊರಡುವ ಸ್ವರ. ಕೈ ತರುವ ಬದಲಾವಣೆ, ಕೆಪಾಸಿಟನ್ಸನ್ನು ಅಳೆಯುವ ಬಲು ಸಣ್ಣ ಮಾನದಲ್ಲಿ, ಒಂದು ಪಿಕೋಫ್ಯಾರಡ್‌ನ ಆಸುಪಾಸಿನದು, ಹಲವು ಸಲ ಅದಕ್ಕಿಂತಲೂ ಕಡಿಮೆ. ಆಸಿಲೇಟರ್ 300 ಕಿಲೋಹರ್ಟ್ಸ್‌ನಲ್ಲಿ ಕಂಪಿಸುತ್ತಿದೆ ಎಂದುಕೊಳ್ಳಿ. ಅದು ಸಾವಿರದಲ್ಲಿ ಒಂದು ಪಾಲು ಸರಿದರೆ ವ್ಯತ್ಯಾಸ 300 ಹರ್ಟ್ಸ್, ಅಂದರೆ ಹಾರ್ಮೋನಿಯಂನ ನಡು ಸಪ್ತಕದ ಬಿಳಿ ಎರಡಕ್ಕೆ ತೀರಾ ಹತ್ತಿರದ ಸ್ವರ. ಆಟಿ ತಿಂಗಳ ತೇವಕ್ಕೆ ಅಷ್ಟು ಸರಿಸುವ ಶಕ್ತಿ ಧಾರಾಳವಾಗಿ ಇದೆ. ತೇವ ಹೀರಿದ ಮರವೂ, ಬೆಸುಗೆಗೆ ಬಳಸಿ ಬೋರ್ಡಿನ ಮೇಲೆ ಉಳಿದ ಫ್ಲಕ್ಸಿನ ಅಂಟೂ ಆಂಟೆನಾಕ್ಕೆ ಕೆಪಾಸಿಟನ್ಸನ್ನು ಕೂಡಿಸಿದ್ದರಿಂದಲೇ ಯಾರೂ ಇಲ್ಲದಾಗಲೂ ಸ್ವರ ಕೇಳಿಸಿತು.

ನಿಮ್ಮ ಎರಡನೆಯ ತೊಂದರೆ ಹುಟ್ಟಿದ್ದು ಅದನ್ನು ಸರಿಪಡಿಸಿದ ಬಗೆಯಿಂದ. ಪೆಟ್ಟಿಗೆಯ ಮೇಲೆ ಬಾಗಿ, ಲೋಹದ ಸ್ಕ್ರೂಡ್ರೈವರನ್ನು ಕಾಯಿಲಿನೊಳಗಿಟ್ಟು, ಸದ್ದಡಗುವವರೆಗೆ ತಿರುಗಿಸಿದ್ದೀರಿ ಎಂದು ಊಹಿಸುತ್ತೇನೆ. ಆ ಹೊತ್ತಿಗೆ ನಿಮ್ಮ ತಲೆ, ಎದೆ, ತೋಳು ಎಲ್ಲವೂ ಆಂಟೆನಾದ ಪಕ್ಕದಲ್ಲಿದ್ದವು. ಸ್ಕ್ರೂಡ್ರೈವರಿನ ಲೋಹವೂ ಕಾಯಿಲಿನ ಗುಣವನ್ನು ಬದಲಿಸಿತ್ತು. ನೀವು ಹಿಂದೆ ಸರಿದ ಕೂಡಲೇ ಆಂಟೆನಾದ ಕಡೆಯ ಆವರ್ತನ ಸ್ಥಿರ ಆವರ್ತನವನ್ನು ದಾಟಿ ಮೇಲೇರಿತು. ಆದ್ದರಿಂದ ಈಗ ಕೈ ಸಮೀಪಿಸಿದಾಗ ಅದು ಮೇಲಿನಿಂದ ಇಳಿದು, ಎರಡೂ ಸಮವಾದ ಬಿಂದುವಿನಲ್ಲಿ ಮೌನವಾಗಿ, ಮತ್ತೆ ಕೆಳಗಿಳಿಯುತ್ತ ಸ್ವರವನ್ನು ಏರಿಸುತ್ತಿದೆ. ನಾನು ಮೊದಲ ಬಾರಿ ಥೆರಮಿನ್ ಜೋಡಿಸಿದಾಗಲೂ ಮೇಜಿನ ಮುಂದೆ ಕುಳಿತೇ ಶ್ರುತಿ ಹೊಂದಿಸಿದ್ದೆ. ನುಡಿಸಲು ಎದ್ದು ನಿಂತಾಗ ಎಲ್ಲವೂ ತಪ್ಪಿಹೋಗಿತ್ತು. ನುಡಿಸುವವರ ಮೈಯೂ ಈ ಸರ್ಕಿಟಿನ ಒಂದು ಬಿಡಿಭಾಗವೆಂಬುದನ್ನು ಕಿಟ್ಟಿನ ಕೈಪಿಡಿಗಳು ಇನ್ನಷ್ಟು ಒತ್ತಿ ಹೇಳಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ವಿದ್ಯುತ್ ಸಂಪರ್ಕ ತೆಗೆದು, ಪೆಟ್ಟಿಗೆ ಬಿಚ್ಚಿ, ಬೋರ್ಡಿನ ಬೆಸುಗೆಯ ಬದಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಲು ಬಿಡಿ. ಕಡಲಿಗೆ ಹತ್ತಿರದ ಮನೆಗಳಲ್ಲಿ ಗಾಳಿಯ ಉಪ್ಪು ಈ ಅಂಟಿನ ಮೇಲೆ ಕೂತು ಇನ್ನಷ್ಟು ತೇವ ಎಳೆಯುತ್ತದೆ. ಹಲಸಿನ ಹಲಗೆ ಒಳ್ಳೆಯದೇ, ಆದರೆ ಆಂಟೆನಾದ ಬುಡ ಮರವನ್ನು ನೇರವಾಗಿ ಮುಟ್ಟದಂತೆ ನಡುವೆ ಅಕ್ರಿಲಿಕ್ಕಿನ ದಪ್ಪ ಬಿಲ್ಲೆಯೊಂದನ್ನು ಕೊಡಿ.

ಮುಂದಿನದು ಅರ್ತಿಂಗ್. ನಿಮ್ಮ ಮೈ ಮತ್ತು ಭೂಮಿ ಸರ್ಕಿಟಿನ ಒಂದು ಬದಿಯಾಗಿರುವುದರಿಂದ, ಎರಡು ಪಿನ್ನಿನ ಮೊಬೈಲ್ ಚಾರ್ಜರಿನಂಥದ್ದನ್ನು ಬಳಸಿದರೆ ಸ್ವರ ತೇಲಾಡುತ್ತದೆ. ಅರ್ತ್ ಪಿನ್ ಇರುವ, ಕಿಟ್‌ಗೆ ಹೊಂದುವ ಅಡಾಪ್ಟರನ್ನು ತೆಗೆದುಕೊಳ್ಳಿ. ಮನೆಯ ಅರ್ತಿಂಗ್ ಸರಿಯಿದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ನೋಡಿಸಿ. ಪ್ಲಗ್ಗಿನ ರಂಧ್ರಕ್ಕೆ ನೀವೇ ತಂತಿ ಸಿಕ್ಕಿಸುವ ಸಾಹಸ ಖಂಡಿತ ಬೇಡ.

ಇನ್ನು ಶ್ರುತಿ ಹೊಂದಿಸುವ ಕೆಲಸ. ಸ್ಟೀಲ್ ಕಪಾಟು, ಕಬ್ಬಿಣದ ಮಂಚ ಇವುಗಳಿಂದ ಒಂದೆರಡು ಮೀಟರ್ ದೂರದಲ್ಲಿ, ದಿನವೂ ನುಡಿಸುವ ಜಾಗದಲ್ಲೇ ವಾದ್ಯವನ್ನಿಡಿ. ಸ್ವಿಚ್ ಹಾಕಿ ಕಾಲು ಗಂಟೆ ಸುಮ್ಮನೆ ಬಿಡಿ, ಏಕೆಂದರೆ ಬಿಡಿಭಾಗಗಳು ಬಿಸಿಯೇರುತ್ತಿರುವಾಗ ಆವರ್ತನ ನಿಲ್ಲುವುದಿಲ್ಲ. ಕಾಯಿಲಿನ ನಡುವಿನ ಫೆರೈಟ್ ತಿರುಳನ್ನು ಪ್ಲಾಸ್ಟಿಕ್ಕಿನ ಅಥವಾ ಹೆರೆದ ಬಿದಿರಿನ ಕಡ್ಡಿಯಿಂದಲೇ ತಿರುಗಿಸಿ. ಒತ್ತಿ ತಿರುಗಿಸಿದರೆ ತಿರುಳು ಒಡೆಯುತ್ತದೆ. ಆಂಟೆನಾದ ಕಡೆಯ ತಿರುಳು ಒಳಗಿಳಿದಂತೆ ಆವರ್ತನ ಕಡಿಮೆಯಾಗುತ್ತದೆ. ನಿಮಗೆ ಬೇಕಾದದ್ದು ಆ ದಿಕ್ಕೇ. ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಕಡ್ಡಿ ಹೊರತೆಗೆದು, ನುಡಿಸುವ ಜಾಗಕ್ಕೆ ಹಿಂದೆ ಸರಿದು, ಕೈಯನ್ನು ಹೆಗಲ ಬಳಿಗೆ ತಂದುಕೊಂಡು ಕೇಳಿ. ಹೀಗೆ ಹತ್ತಿಪ್ಪತ್ತು ಸಲ ಮುಂದೆ ಹಿಂದೆ ನಡೆಯಬೇಕಾದೀತು. ಬೇಸರಪಡಬೇಡಿ. ಕೈ ಹೆಗಲಿನಲ್ಲಿದ್ದಾಗ ಸ್ವರ ತಗ್ಗಿ ತಗ್ಗಿ ಗುಡುಗುಡು ಎಂಬ ಬಿಡಿ ಬಡಿತಗಳಾಗಿ, ಕೊನೆಗೆ ಮೌನವಾಗಬೇಕು. ಅಲ್ಲಿಂದ ಕೈ ಚಾಚಿದಂತೆ ಸ್ವರ ಏರುತ್ತಲೇ ಹೋಗಬೇಕು. ಆಮೇಲಿನ ದಿನನಿತ್ಯದ ಸಣ್ಣ ತಿದ್ದುಪಡಿಗೆ ಹೊರಗಿನ ಗುಂಡಿ ಸಾಕು.

ಮಂದ್ರದಲ್ಲಿ ಆ ಬಡಿತಗಳು ಕೇಳಿಸದೆ ಸ್ವರ ಥಟ್ಟನೆ ಕಡಿದುಹೋದರೆ, ಎರಡು ಆಸಿಲೇಟರುಗಳು ಒಂದನ್ನೊಂದು ಎಳೆದುಕೊಂಡು ಒಂದೇ ಆವರ್ತನಕ್ಕೆ ಅಂಟಿಕೊಂಡಿವೆ ಎಂದರ್ಥ. ಅವುಗಳ ತಂತಿಗಳನ್ನು ಒಂದೇ ಕಟ್ಟಿನಲ್ಲಿ ಕಟ್ಟಿದ್ದರೆ ಬಿಡಿಸಿ ದೂರವಿಡಿ. ವಿದ್ಯುತ್ ಪೂರೈಕೆಯ ಬಳಿಯ 100 ನ್ಯಾನೋಫ್ಯಾರಡ್ ಕೆಪಾಸಿಟರುಗಳಿದ್ದರೆ ಅವುಗಳ ಬೆಸುಗೆಯನ್ನು ಇನ್ನೊಮ್ಮೆ ನೋಡಿ.

ಪ್ರಶ್ನೆ: ಪಿಟೀಲು ಕಲಿಯುತ್ತಿದ್ದೇನೆ. ಥೆರಮಿನ್‌ನಲ್ಲಿ ನಮ್ಮ ರಾಗಗಳನ್ನು ನುಡಿಸಲಾದೀತೇ?
— ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಖಂಡಿತ ಆಗುತ್ತದೆ, ಮತ್ತು ಪಿಟೀಲಿನ ಕಿವಿ ನಿಮಗೆ ನೆರವಾಗುತ್ತದೆ. ರಷ್ಯಾದ ಲೆವ್ ಥೆರಮಿನ್ 1920ರ ಸುಮಾರಿಗೆ ರೂಪಿಸಿ, 1928ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಈ ವಾದ್ಯವನ್ನು ಅತ್ಯುನ್ನತ ಮಟ್ಟಕ್ಕೇರಿಸಿದ ಕ್ಲಾರಾ ರಾಕ್‌ಮೋರ್ ಮೊದಲು ಪಿಟೀಲು ವಾದಕಿಯೇ ಆಗಿದ್ದರು. ಮೆಟ್ಟಿಲುಗಳಿಲ್ಲದ ಕಾರಣ ಜಾರು, ಕಂಪಿತಗಳು ಇದರಲ್ಲಿ ಸಹಜವಾಗಿ ಒದಗುತ್ತವೆ. ಕಷ್ಟವಿರುವುದು ಸ್ವರವನ್ನು ಅಲುಗದಂತೆ ನಿಲ್ಲಿಸುವುದರಲ್ಲಿ. ಶ್ರುತಿಪೆಟ್ಟಿಗೆ ಹಾಕಿಕೊಂಡು, ಎಡಗೈಯನ್ನು ಧ್ವನಿಮಟ್ಟದ ಬಳೆಯಂಥ ಆಂಟೆನಾಕ್ಕೆ ಇಳಿಸಿ ಸದ್ದು ಮುಚ್ಚಿ, ಬಲಗೈಯಿಂದ ಸ್ವರದ ಜಾಗ ಹಿಡಿದ ಬಳಿಕವೇ ಎಡಗೈ ಎತ್ತುವುದನ್ನು ಮೊದಲ ಕೆಲವು ವಾರ ಷಡ್ಜ ಪಂಚಮಗಳಲ್ಲಷ್ಟೇ ಅಭ್ಯಾಸ ಮಾಡಿ.