ಫ್ರೀಲಾನ್ಸ್ ಫೋಟೋಗ್ರಾಫರ್ ವೃತ್ತಿಸಂಘಕ್ಕೆ ಸೇರಿದರೆ ಕೆಲಸ ಜಾಸ್ತಿ ಸಿಗುತ್ತದೆಯೇ? ಕಟ್ಟಿದ ಶುಲ್ಕ ವರ್ಷದೊಳಗೆ ವಾಪಸ್ ಬರುತ್ತದಾ?

ಕೆಲಸ ಸಿಗಲಿ ಅಂತಲೇ ಸೇರುವುದಾದರೆ ಆ ದುಡ್ಡಿಗೆ ಒಂದು ಒಳ್ಳೆ ಟ್ರೈಪಾಡ್ ತಗೊಳ್ಳಿ. ನಾನೂ ಇದೇ ಲೆಕ್ಕ ಹಾಕಿ ಸೇರಿದವನು. ಶುಲ್ಕ ಕಟ್ಟಿದ ದಿನವೇ ಸಂಘದ ಲೋಗೋ ವೆಬ್‌ಸೈಟಿಗೆ, ವಿಸಿಟಿಂಗ್ ಕಾರ್ಡಿಗೆ, ಕೊನೆಗೆ ಕ್ಯಾಮೆರಾ ಬ್ಯಾಗಿಗೂ ಅಂಟಿತು. ಇವತ್ತಿನವರೆಗೆ ಒಬ್ಬನೇ ಒಬ್ಬ ಗಿರಾಕಿ ಅದೇನು ಅಂತ ಕೇಳಿಲ್ಲ. ಕೇಳಬೇಕಾದದ್ದೂ ಇಲ್ಲ. 1853ರಲ್ಲಿ ಹುಟ್ಟಿದ ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ದರ್ಜೆ ಹೆಸರಿನ ಜೊತೆ ಬರಬೇಕಾದರೆ ಕೆಲಸ ಒಪ್ಪಿಸಿ ಗೆಲ್ಲಬೇಕು. ನನ್ನ ಲೋಗೋ ಬರೀ ಶುಲ್ಕದ ರಸೀದಿ.

ಲೋಗೋ ಜೊತೆ ಇನ್ನೊಂದು ಫೈಲ್ ಬಂದಿತ್ತು: ಮಾದರಿ ಕರಾರುಪತ್ರ. ತೆರೆದೂ ನೋಡಲಿಲ್ಲ. ಅದೇ ವರ್ಷ ಒಂದು ಹೋಟೆಲಿನವರು ತಮ್ಮ ವೆಬ್‌ಸೈಟಿಗೆ ಅಂತ ಇಪ್ಪತ್ತು ಫೋಟೋ ತೆಗೆಸಿದರು. ಮಾತೆಲ್ಲ ಫೋನಿನಲ್ಲೇ. ಫೋಟೋ ಕಳಿಸುವಾಗ ಇಮೇಲ್‌ನಲ್ಲಿ ಉಪಚಾರಕ್ಕೆ ಒಂದು ಸಾಲು ಸೇರಿಸಿದೆ: ‘ಇನ್ನು ಇವೆಲ್ಲ ನಿಮ್ಮವೇ, ಹೇಗೆ ಬೇಕೋ ಹಾಗೆ ಬಳಸಿಕೊಳ್ಳಿ.’

ಈ ಸಾಲಿನ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ. ಬಂದವರಿಗೆ ‘ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ’ ಅನ್ನುತ್ತೇವಲ್ಲ, ಆ ಧಾಟಿಯಲ್ಲಿ ಬರೆದದ್ದು. ಅವರು ಕೇಳಿರಲಿಲ್ಲ. ದುಡ್ಡು ಮಾತಾಡಿದ್ದೂ ವೆಬ್‌ಸೈಟಿಗೆ ಮಾತ್ರ. ಆ ಸಾಲು ಬರೆಯದೆ ‘ಫೋಟೋ ಲಗತ್ತಿಸಿದೆ’ ಅಂದಿದ್ದರೆ ವಾದಿಸಲಿಕ್ಕಾದರೂ ಜಾಗ ಇರುತ್ತಿತ್ತು. ಎಂಟು ತಿಂಗಳಾದ ಮೇಲೆ ನೋಡಿದರೆ ಅವೇ ಫೋಟೋ ಹೋರ್ಡಿಂಗ್ ಮೇಲೆ, ಪತ್ರಿಕೆ ಜಾಹೀರಾತಿನಲ್ಲಿ, ಆ ಹೋಟೆಲಿಗೆ ಪರದೆ ಹೊಲಿದುಕೊಟ್ಟವರ ಕ್ಯಾಟಲಾಗಿನಲ್ಲೂ! ಬಿಲ್ ಕಳಿಸಿದೆ. ನನ್ನದೇ ಸಾಲಿಗೆ ಹಳದಿ ಬಳಿದು ವಾಪಸ್ ಕಳಿಸಿದರು.

ಸಂಘದಲ್ಲಿ ವಕೀಲರಿದ್ದಾರೆ ಅಂತ ನೆನಪಾದದ್ದು ಆಮೇಲೆ. ಕೃತಿಗಳ ಹಕ್ಕಿನ ಬಗ್ಗೆ ದೇಶದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದದ ದೇಶಗಳಲ್ಲಿ ಹಕ್ಕುಸ್ವಾಮ್ಯಕ್ಕೆ (ಕಾಪಿರೈಟ್) ನೋಂದಣಿ ಬೇಕಿಲ್ಲ, ಫೋಟೋ ಜೊತೆಗೇ ಹುಟ್ಟುತ್ತದೆ ಅಂದರು. ನಾನು ಹಿಗ್ಗುವಷ್ಟರಲ್ಲಿ ಇನ್ನೊಂದು ಮಾತು: ಕೆಲವು ದೇಶಗಳಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ದುಡ್ಡು ಕೊಟ್ಟು ತೆಗೆಸಿದವರೇ ಮೊದಲ ಒಡೆಯರು. “ಅದೆಲ್ಲ ಇರಲಿ, ಬಳಸಿಕೊಳ್ಳಿ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ” ಅಂದಾಗ ನಾನು ಬಾಯಿ ಮುಚ್ಚಿಕೊಂಡೆ.

ಅವತ್ತು ರಾತ್ರಿ ಆ ಫೈಲ್ ತೆರೆದೆ. ಯಾವ ಮಾಧ್ಯಮಕ್ಕೆ, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ, ಬೇರೆಯವರಿಗೆ ಕೊಡಬಹುದೋ ಇಲ್ಲವೋ. ನಾಲ್ಕೇ ಖಾಲಿ ಜಾಗ.

ಹಾಗಾಗಿ ‘ಶುಲ್ಕ ವರ್ಷದೊಳಗೆ ವಾಪಸ್ ಬರುತ್ತದಾ’ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಹಿಡಿಸಲಿಲ್ಲ. ಕರಾರಿನ ಮಾದರಿ, ವಕೀಲರ ಸಲಹೆ, ವಿಮೆ ಇವು ನೀವು ಸೇರುವ ದರ್ಜೆಯ ಸದಸ್ಯರಿಗೂ ಸಿಗುತ್ತವೆಯೇ ಅಂತ ಮೊದಲು ಬರಹದಲ್ಲಿ ಕೇಳಿ. ಉತ್ತರ ತೇಲಿಸಿದರೆ ಸೇರಬೇಡಿ.

ಹೋಟೆಲಿನಿಂದ ನಯಾಪೈಸೆ ಬರಲಿಲ್ಲ. ಮರುವರ್ಷ ಹೊಸ ಕೋಣೆಗಳ ಫೋಟೋಗೆ ಮತ್ತೆ ನನ್ನನ್ನೇ ಕರೆದರು. ನಾಲ್ಕೂ ಜಾಗ ತುಂಬಿ ಕರಾರು ಕಳಿಸಿದೆ. ಅರ್ಧ ಗಂಟೆಯಲ್ಲಿ ಸಹಿಯಾಗಿ ಬಂತು.