ಫ್ಲ್ಯಾಶ್ ಹಾಕಿದರೂ ಫೋಟೊದಲ್ಲಿ ಮೂರನೇ ಕೈ ಬಂದಿದ್ದೇಕೆ?

ಪ್ರಶ್ನೆ: ಸಂಜೆ ಮನೆಯೊಳಗೆ ಮಗಳು ಕುಣಿಯುತ್ತಿದ್ದಾಗ ಫ್ಲ್ಯಾಶ್ ಹಾಕಿ ಫೋಟೊ ತೆಗೆದೆ. ಮುಖ ಚೆನ್ನಾಗಿ ಬಂದಿದೆ. ಆದರೆ ಕೈ ಪಕ್ಕದಲ್ಲಿ ಹಳದಿ ಹೊಗೆಯಂಥ ಇನ್ನೊಂದು ಕೈ ಇದೆ. ಒಂದು ಫೋಟೊದಲ್ಲಂತೂ ಕೈಯೊಳಗಿಂದಲೇ ಹಿಂದಿನ ಬಿಳಿ ಪರದೆ ಕಾಣುತ್ತಿದೆ! ಫ್ಲ್ಯಾಶ್ ಹಾಕಿದರೆ ಓಟವೂ ನಿಂತಂತೆ ಬರುತ್ತದೆ ಅಂತಾರಲ್ಲ? ಶಟರ್ ವೇಗವನ್ನು ಕ್ಯಾಮೆರಾವೇ ಆರಿಸುವ ಅಪರ್ಚರ್ ಪ್ರಯಾರಿಟಿ ಮೋಡ್‌ನಲ್ಲಿ ತೆಗೆದಿದ್ದು. ಎಫ್/4 (ಲೆನ್ಸ್ ತೆರೆದ ಅಳತೆ), ಐಎಸ್‌ಒ 1600 (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ), ಶಟರ್ 1/15 ಸೆಕೆಂಡ್.

ಉತ್ತರ: ಫ್ಲ್ಯಾಶ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ತೊಂದರೆ ಮಾಡಿದ್ದು ಕೋಣೆಯ ಬಲ್ಬು.

ನೀವು ತೆಗೆದಿದ್ದು ಒಂದು ಫೋಟೊ ಅಲ್ಲ, ಒಂದರ ಮೇಲೊಂದು ಕೂತ ಎರಡು ಫೋಟೊ. ಫ್ಲ್ಯಾಶ್ ಬೆಳಗುವುದು ಪೂರ್ತಿ ಶಕ್ತಿಯಲ್ಲೂ ಹೆಚ್ಚುಕಡಿಮೆ 1/1000 ಸೆಕೆಂಡ್ ಅಷ್ಟೆ. ಶಕ್ತಿ ತಗ್ಗಿಸಿದರೆ 1/10,000 ಅಥವಾ ಅದಕ್ಕೂ ಕಡಿಮೆ. ಅಷ್ಟರಲ್ಲಿ ಒಂದು ಫೋಟೊ ಮುಗಿಯಿತು. ಆದರೆ ಶಟರ್ ಇನ್ನೂ ತೆರೆದೇ ಇದೆ. ಉಳಿದ ಹೊತ್ತಿನಲ್ಲಿ ಬಲ್ಬಿನ ಬೆಳಕಲ್ಲಿ ಎರಡನೇ ಫೋಟೊ ತಯಾರಾಗುತ್ತಿರುತ್ತದೆ. ಕುಣಿಯುವ ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೋಗುತ್ತಿದೆ ಅಂತಿಟ್ಟುಕೊಳ್ಳಿ. 1/1000 ಸೆಕೆಂಡಿನಲ್ಲಿ ಅದು ಸರಿಯುವುದು ಬರೀ 2 ಮಿಲಿಮೀಟರ್. 1/15 ಸೆಕೆಂಡಿನಲ್ಲಿ 13 ಸೆಂಟಿಮೀಟರ್, ಅಂದರೆ ಅರ್ಧ ಗೇಣಿಗಿಂತ ಜಾಸ್ತಿ. ಆ ಹೊಗೆಯಂಥ ಕೈ ಅದೇ. ಫ್ಲ್ಯಾಶ್ ಬೆಳಕು ಬಿಳಿ, ನಿಮ್ಮ ಬಲ್ಬು ಹಳದಿ. ಹಾಗಾಗಿ ಹೊಗೆಯೂ ಹಳದಿ.

ಕೈಯೊಳಗಿಂದ ಪರದೆ ಕಂಡಿದ್ದು ಇದೇ ಕತೆಯ ಇನ್ನೊಂದು ಮುಖ. ಫ್ಲ್ಯಾಶ್ ಹೊಡೆದಾಗ ಕೈ ಅಲ್ಲಿತ್ತು. ಆಮೇಲೆ ಸರಿದು ಹೋಯಿತು. ಖಾಲಿಯಾದ ಜಾಗದಲ್ಲಿ ಹಿಂದಿನ ಬಿಳಿ ಪರದೆಯ ಬೆಳಕು ಸೆನ್ಸರ್ ಮೇಲೆ ಬಿದ್ದು, ಕೈಯ ಚಿತ್ರದ ಮೇಲೆಯೇ ಕೂತಿತು. ಹಿನ್ನೆಲೆ ಬೆಳ್ಳಗಿದ್ದಷ್ಟೂ ಇದರ ಕಾಟ ಜಾಸ್ತಿ. ಕಪ್ಪು ಗೋಡೆಯ ಮುಂದೆ ತೆಗೆದಿದ್ದರೆ ಬಹುಶಃ ನಿಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಪತ್ತೆ ಮಾಡಲು ಒಂದು ಸುಲಭ ದಾರಿ ಇದೆ. ಅದೇ ಸೆಟ್ಟಿಂಗ್‌ಗಳನ್ನು ಮ್ಯಾನ್ಯುಯಲ್ ಮೋಡ್‌ನಲ್ಲಿ ಇಟ್ಟು, ಫ್ಲ್ಯಾಶ್ ಆಫ್ ಮಾಡಿ, ಸುಮ್ನೆ ಒಂದು ಫೋಟೊ ತೆಗೆಯಿರಿ. ಅದರಲ್ಲಿ ಏನೇನು ಕಾಣುತ್ತದೋ ಅದೇ ನಿಮ್ಮ ದೆವ್ವ. ನಿಮ್ಮ ಲೆಕ್ಕದಲ್ಲಿ ಕೋಣೆ ಪೂರ್ತಿ ಬೆಳಗಿ ಬಂದೇ ಬರುತ್ತದೆ, ಯಾಕೆಂದರೆ ಅಪರ್ಚರ್ ಪ್ರಯಾರಿಟಿಯಲ್ಲಿ ಕ್ಯಾಮೆರಾ ಕೋಣೆಯ ಬೆಳಕನ್ನೇ ನಂಬಿ 1/15ಕ್ಕೆ ಇಳಿದಿತ್ತು. ಫೋಟೊ ಹೆಚ್ಚುಕಡಿಮೆ ಕಪ್ಪಾಗಿ ಬರುವವರೆಗೂ ಸೆಟ್ಟಿಂಗ್ ಬದಲಿಸಿ. ಆಮೇಲೆ ಫ್ಲ್ಯಾಶ್ ಆನ್ ಮಾಡಿ.

ಏನು ಬದಲಿಸಬೇಕು? ಮೊದಲು ಶಟರ್. ಅದನ್ನು 1/200ಕ್ಕೆ ತನ್ನಿ. ಕೋಣೆಯ ಬೆಳಕು ಸುಮಾರು 13 ಪಟ್ಟು ಕಡಿಮೆಯಾಗುತ್ತದೆ, ಫ್ಲ್ಯಾಶ್ ಬೆಳಕು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಅದು ಹೇಗಿದ್ದರೂ ಅಷ್ಟರೊಳಗೆ ಬೆಳಗಿ ಆರಿರುತ್ತದೆ ಅಲ್ವಾ? ಇಷ್ಟಕ್ಕೇ ಬಹುಪಾಲು ಹೊಗೆ ಹೋಗಿಬಿಡುತ್ತದೆ. ಇನ್ನೂ ಉಳಿದರೆ ಐಎಸ್‌ಒ 400ಕ್ಕೆ ಇಳಿಸಿ. ಇದರಿಂದ ಎರಡೂ ಬೆಳಕು ತಗ್ಗುತ್ತವೆ, ಆದರೆ ಫ್ಲ್ಯಾಶ್ ಆಟೊದಲ್ಲಿದ್ದರೆ ತಾನೇ ಶಕ್ತಿ ಹೆಚ್ಚಿಸಿಕೊಳ್ಳುತ್ತದೆ. ಬಲ್ಬಿಗೆ ಆ ಭಾಗ್ಯ ಇಲ್ಲ. ಎರಡೂ ಸೇರಿದರೆ ಕೋಣೆಯ ಬೆಳಕು ಐದು ಸ್ಟಾಪ್‌ಗಿಂತಲೂ ಹೆಚ್ಚು ಕೆಳಗೆ ಹೋಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಹೊಳೆಯುವ ಒಡವೆ, ಕೈಲಿರುವ ಟಾರ್ಚಿನಂಥವು ಮಾತ್ರ ಆಗಲೂ ಗೆರೆ ಎಳೆದಾವು.

ಅಂದಹಾಗೆ, ಶಟರ್ ನಿಧಾನ ಇರುವುದೇ ತಪ್ಪು ಅಂದುಕೊಳ್ಳಬೇಡಿ. ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಎಡ್ಜರ್ಟನ್ 1964ರಲ್ಲಿ ಸೇಬು ಸೀಳಿಕೊಂಡು ಹೋಗುವ ಗುಂಡಿನ ಫೋಟೊ ತೆಗೆದರು. ಇಂಥ ಫೋಟೊ ತೆಗೆಯುವ ರೀತಿಯೇ ಬೇರೆ: ಕೋಣೆಯನ್ನು ಕತ್ತಲು ಮಾಡಿ, ಶಟರ್ ತೆರೆದಿಟ್ಟು, ಗುಂಡು ಹಾಯುವ ಕ್ಷಣಕ್ಕೆ ಫ್ಲ್ಯಾಶ್ ಹೊಡೆಸುವುದು. ಕತ್ತಲಲ್ಲಿ ಎರಡನೇ ಫೋಟೊ ಹುಟ್ಟುವುದೇ ಇಲ್ಲ.

ಇನ್ನೊಂದು ಮಾತು. ಎಲ್ಲ ಮಸುಕೂ ಇದೇ ಕಾರಣಕ್ಕಲ್ಲ. ಫೋಟೊವನ್ನು ದೊಡ್ಡದು ಮಾಡಿ ರೆಪ್ಪೆಗೂದಲು ನೋಡಿ. ಕೂದಲು ಚೂಪಾಗಿದ್ದು ಪಕ್ಕದಲ್ಲಿ ಹೊಗೆ ಇದ್ದರೆ ಈ ತೊಂದರೆ. ಕೂದಲೇ ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಗೋಡೆಯ ಅಂಚಿಗೂ ಜೋಡಿ ಗೆರೆ ಬಂದಿದ್ದರೆ ನಿಮ್ಮ ಕೈ ಅಲುಗಿದೆ. ಇದು ಗೊತ್ತಿಲ್ಲದೆ ನಾನು ಶುರುವಿನಲ್ಲಿ ಎಷ್ಟೋ ದಿನ ಲೆನ್ಸ್ ಮೇಲೆ ಗೂಬೆ ಕೂರಿಸಿದ್ದೆ.

ಪ್ರಶ್ನೆ: ಹಾಗೆ ಮಾಡಿದರೆ ಹಿನ್ನೆಲೆ ಕಪ್ಪಾಗಿ, ಗುಹೆಯೊಳಗೆ ನಿಂತಂತೆ ಕಾಣುತ್ತದಲ್ಲ? ರಿಯರ್ ಕರ್ಟನ್ ಸಿಂಕ್ ಹಾಕಿದರೆ ಸರಿಹೋಗುತ್ತದಾ?

ಉತ್ತರ: ಇಲ್ಲ. ಅದು ಹೊಗೆಯನ್ನು ತೆಗೆಯುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಅದರಲ್ಲಿ ಫ್ಲ್ಯಾಶ್ ಶುರುವಿಗಲ್ಲ, ಶಟರ್ ಮುಚ್ಚುವ ಮುಂಚೆ ಕೊನೆಗೆ ಹೊಡೆಯುವುದರಿಂದ ಹೊಗೆ ಕೈಯ ಹಿಂದೆ ಬಾಲದಂತೆ ಬರುತ್ತದೆ. ಬೇಕೆಂದೇ ಮಾಡಿದರೆ ಚೆಂದ. ಗುಹೆಗೆ ಮದ್ದು ಬೇರೆ: ಫ್ಲ್ಯಾಶ್ ತಲೆಯನ್ನು ಬಿಳಿ ಚಾವಣಿ ಕಡೆ ತಿರುಗಿಸಿ. ಬೆಳಕು ಚಾವಣಿಗೆ ಬಡಿದು ಕೋಣೆ ತುಂಬಾ ಹರಡುತ್ತದೆ. ಹಿನ್ನೆಲೆಯೂ ಫ್ಲ್ಯಾಶ್‌ನಲ್ಲೇ ಬೆಳಗುವುದರಿಂದ ಬಲ್ಬಿನ ಹಂಗು ಬೇಕಿಲ್ಲ. ಇದಕ್ಕೆ ಶಕ್ತಿ ಜಾಸ್ತಿ ಬೇಕು. ಸಾಲದಿದ್ದರೆ ಐಎಸ್‌ಒ 800ಕ್ಕೆ ಏರಿಸಿ, ಫ್ಲ್ಯಾಶ್ ಆಫ್ ಮಾಡಿ ಇನ್ನೊಮ್ಮೆ ಪರೀಕ್ಷೆ ಮಾಡಿಕೊಳ್ಳಿ.

ಪ್ರಶ್ನೆ: ಹೈಸ್ಪೀಡ್ ಸಿಂಕ್‌ನಲ್ಲಿ (ಮಾಮೂಲಿಗಿಂತ ವೇಗದ ಶಟರ್‌ಗೂ ಫ್ಲ್ಯಾಶ್ ಹೊಂದಿಸುವ ಮೋಡ್) 1/1000 ಇಟ್ಟರೆ ಇನ್ನೂ ಒಳ್ಳೆಯದಲ್ವಾ?

ಉತ್ತರ: ಮನೆಯೊಳಗೆ ಬೇಡ. ಆ ಮೋಡ್‌ನಲ್ಲಿ ಫ್ಲ್ಯಾಶ್ ಒಂದೇ ಏಟಿಗೆ ಬೆಳಗದೆ, ಶಟರ್ ಪರದೆ ಸರಿದು ಮುಗಿಯುವ ತನಕ ಪಟಪಟ ಮಿನುಗುತ್ತದೆ. ಅಂದರೆ ಉರಿಯುವ ದೀಪದಂತೆಯೇ. ಶಕ್ತಿಯೂ ತುಂಬಾ ಕುಸಿಯುತ್ತದೆ. ಬಿಸಿಲಿನಲ್ಲಿ ಬಳಸಿ, ಅಲ್ಲಿ ಅದರ ಉಪಯೋಗ ಇದೆ. ಕೋಣೆಯಲ್ಲಿ 1/200 ಸಾಕು.